ನಾಣ್ಯದ ಮೇಲಿನ ಮಬ್ಬು: ಕಾರಣವನ್ನು ಗುರುತಿಸುವ ಬಗೆ, ಹಾನಿಯಿಲ್ಲದೆ ತೆಗೆಯುವ ಬಗೆ

ಜೂನ್ ತಿಂಗಳಲ್ಲಿ ಥಳಥಳಿಸುತ್ತಿದ್ದ ಬೆಳ್ಳಿ ನಾಣ್ಯವನ್ನು ಅಕ್ಟೋಬರಿನಲ್ಲಿ ಹೊರತೆಗೆದಾಗ ಅದರ ಮೇಲೆ ತೆಳ್ಳಗೆ ಹಾಲು ಬಳಿದ ಹಾಗೆ ಮಬ್ಬು ಕವಿದಿರುವುದು ಮುಂಬಯಿಯ ಸಂಗ್ರಾಹಕರಿಗೆ ಹೊಸ ಅನುಭವವೇನಲ್ಲ. ಸಮುದ್ರದ ಉಪ್ಪುಗಾಳಿ, ಮಳೆಗಾಲದಲ್ಲಿ ಶೇಕಡ 80ನ್ನು ದಾಟುವ ತೇವಾಂಶ, ಖಾಡಿಗಳ ಮತ್ತು ನಾಲಾಗಳ ಸುತ್ತ ಹರಡುವ ಗಂಧಕದ ಅನಿಲ, ಇವೆಲ್ಲ ಸೇರಿ ಬಯಲುಸೀಮೆಯಲ್ಲಿ ಹತ್ತು ವರ್ಷಕ್ಕೆ ಆಗದ ಕೆಲಸವನ್ನು ಇಲ್ಲಿ ಬೇಗನೆ ಮಾಡಿ ಮುಗಿಸುತ್ತವೆ. ಮಬ್ಬು ಕಂಡ ಕೂಡಲೇ ಹೆಚ್ಚಿನವರು ಕೇಳುವುದು ಯಾವುದರಿಂದ ಉಜ್ಜಬೇಕು ಎಂದು. ಅದಕ್ಕೆ ಮೊದಲು ಕೇಳಿಕೊಳ್ಳಬೇಕಾದದ್ದು ಆ ಮಬ್ಬು ಎಲ್ಲಿದೆ ಎಂದು. ಅದು ನಾಣ್ಯವಿಟ್ಟ ಪ್ಲಾಸ್ಟಿಕ್ಕಿನ ಒಳಮೈಯಲ್ಲಿರಬಹುದು, ಲೋಹದ ಮೇಲೆ ಕೂತ ಪದರವಾಗಿರಬಹುದು, ಅಥವಾ ಲೋಹವೇ ಕೆಟ್ಟು ಮಂಕಾಗಿರಬಹುದು. ಮೊದಲನೆಯದಾದರೆ ನಾಣ್ಯವನ್ನು ಮುಟ್ಟುವ ಅಗತ್ಯವೇ ಇಲ್ಲ. ಎರಡನೆಯದನ್ನು ಬಹುಪಾಲು ತೆಗೆಯಬಹುದು. ಮೂರನೆಯದನ್ನು ತೆಗೆಯಲು ಹೊರಟರೆ ನಾಣ್ಯವನ್ನೇ ಸವೆಸಬೇಕಾಗುತ್ತದೆ.

ಪರೀಕ್ಷೆಗೆ ಮುನ್ನ

ಬೇಕಾಗುವ ಸಲಕರಣೆ ಹೆಚ್ಚಿಲ್ಲ. ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವಂಥ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದೇ ಬಲ್ಬಿನ ಮೇಜುದೀಪ, ಮೇಜಿನ ಮೇಲೆ ಹಾಸಲು ಮೆತ್ತನೆಯ ಒಗೆದ ಬಟ್ಟೆ, ಇಷ್ಟಿದ್ದರೆ ಸಾಕು. ಟ್ಯೂಬ್‌ಲೈಟಿನ ಹರಡಿದ ಬೆಳಕಿನಲ್ಲಿ ಪರೀಕ್ಷಿಸಬಾರದು. ಆ ಬೆಳಕಿನಲ್ಲಿ ಸಣ್ಣ ಗೀರುಗಳು ಅಡಗಿಬಿಡುತ್ತವೆ. ಅಂಗಡಿಯಲ್ಲಿ ಚೆನ್ನಾಗಿ ಕಂಡ ನಾಣ್ಯ ಮನೆಗೆ ಬಂದ ಮೇಲೆ ಸಪ್ಪೆಯಾಗಿ ಕಾಣುವುದಕ್ಕೆ ಎಷ್ಟೋ ಸಲ ಬೆಳಕಿನ ವ್ಯತ್ಯಾಸವೇ ಕಾರಣ. ನಾಣ್ಯವನ್ನು ಎರಡು ಬೆರಳುಗಳಿಂದ ಅಂಚಿನಲ್ಲಿ ಮಾತ್ರ ಹಿಡಿಯಬೇಕು, ಮುಖದ ಮೇಲೆ ಬೆರಳಿಡಬಾರದು, ಅದರ ಮೇಲೆ ಬಾಗಿ ಮಾತನಾಡಲೂಬಾರದು, ಏಕೆಂದರೆ ಎಂಜಲಿನ ಸೂಕ್ಷ್ಮ ಹನಿ ಬಿದ್ದ ಜಾಗದಲ್ಲಿ ಕೆಲವು ತಿಂಗಳಾದ ಮೇಲೆ ಕಪ್ಪು ಚುಕ್ಕೆ ಏಳುತ್ತದೆ.

ಮಬ್ಬು ನಾಣ್ಯದ್ದೋ, ಹೊದಿಕೆಯದ್ದೋ?

ಕ್ಯಾಪ್ಸೂಲ್ ಎನ್ನುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿರುವ ನಾಣ್ಯವಾದರೆ ಕ್ಯಾಪ್ಸೂಲನ್ನು ಮೆಲ್ಲಗೆ ಓರೆಮಾಡಿ ನಾಣ್ಯ ಒಳಗೆ ತುಸು ತಿರುಗುವಂತೆ ಮಾಡಿ ನೋಡಬೇಕು. ನಾಣ್ಯ ತಿರುಗಿದರೂ ಮಬ್ಬಿನ ಆಕಾರ ಇದ್ದಲ್ಲೇ ಇದ್ದರೆ ಅದು ಕ್ಯಾಪ್ಸೂಲಿನ ಒಳಮೈಗೆ ಅಂಟಿದ ಪದರ. ಪೆಟ್ಟಿಗೆಯೊಳಗಿನ ಸ್ಪಂಜು, ಅಂಟು, ಮಖಮಲ್ ಬಟ್ಟೆ ಇವುಗಳಿಂದ ನಿಧಾನವಾಗಿ ಹೊರಡುವ ಆವಿ ಪ್ಲಾಸ್ಟಿಕ್ಕಿನ ಮೇಲೆ ಕೂತು ಹೀಗಾಗುತ್ತದೆ. ಟಂಕಸಾಲೆಯಿಂದ ಬಂದ ಪೆಟ್ಟಿಗೆಯಲ್ಲೇ ವರ್ಷಾನುಗಟ್ಟಲೆ ಮುಚ್ಚಿಟ್ಟ ಪ್ರೂಫ್ ಸೆಟ್‌ಗಳಲ್ಲಿ, ಅಂದರೆ ಸಂಗ್ರಾಹಕರಿಗೆಂದೇ ಹೆಚ್ಚಿನ ಹೊಳಪು ಕೊಟ್ಟು ಅಚ್ಚು ಹಾಕಿದ ನಾಣ್ಯಗಳ ಸೆಟ್‌ಗಳಲ್ಲಿ, ಇದನ್ನು ಕಾಣಬಹುದು. ಹೊಸ ಕ್ಯಾಪ್ಸೂಲಿಗೆ ಬದಲಿಸಿದರೆ ದೋಷ ಅಲ್ಲಿಗೇ ಮುಗಿಯಿತು. ಆದರೆ ಅದೇ ಆವಿ ನಾಣ್ಯದ ಮೇಲೂ ಕೂತಿರುವ ಸಾಧ್ಯತೆ ಇರುವುದರಿಂದ, ಬದಲಿಸುವಾಗ ನಾಣ್ಯವನ್ನೂ ದೀಪದ ಕೆಳಗೆ ನೋಡಿಬಿಡುವುದು ಒಳ್ಳೆಯದು.

ದರ್ಜೆ ನಿರ್ಧರಿಸುವ ಕಂಪನಿಗಳು ಮೊಹರು ಮಾಡಿ ಕೊಟ್ಟ ಗಟ್ಟಿ ಪ್ಲಾಸ್ಟಿಕ್ ಫಲಕದೊಳಗೆ ಮಬ್ಬು ಕಂಡರೆ ಅದನ್ನು ಮನೆಯಲ್ಲಿ ಒಡೆಯಬಾರದು. ಅಂಥ ಕಂಪನಿಗಳಾದ ಪಿಸಿಜಿಎಸ್, ಎನ್‌ಜಿಸಿ ಎರಡರಲ್ಲೂ ನಾಣ್ಯವನ್ನು ಶುದ್ಧಗೊಳಿಸಿ ಮರುಮೊಹರು ಮಾಡುವ ವ್ಯವಸ್ಥೆ ಇದೆ.

ಗೀರುಗಳಿಂದಾದ ಮಬ್ಬು

ಮುಂದಿನ ಹೆಜ್ಜೆಯಲ್ಲಿ ಹೆಚ್ಚು ಜನ ಎಡವುತ್ತಾರಾದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಅಚ್ಚಿನ ಹೊಡೆತಕ್ಕೆ ಸಿಕ್ಕಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಸೂಕ್ಷ್ಮ ಗೆರೆಗಳಿಂದಲೇ ಹೊಸ ನಾಣ್ಯದ ಹೊಳಪು ಹುಟ್ಟುತ್ತದೆ. ಅಂಥ ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ತಿರುಗಿಸಿದರೆ ಬೆಳಕಿನ ಪಟ್ಟಿಯೊಂದು ಚಕ್ರದ ಅರದ ಹಾಗೆ ಮುಖದ ಮೇಲೆ ಸುತ್ತುತ್ತದೆ. ಮಬ್ಬು ಬರಿಯ ಪದರವಾಗಿದ್ದರೆ ಆ ಪಟ್ಟಿ ಮಸುಕಾಗಿಯಾದರೂ ಸುತ್ತುತ್ತಲೇ ಇರುತ್ತದೆ. ಪಟ್ಟಿ ಸುತ್ತದೆ, ಇಡೀ ಮುಖ ಒಂದೇ ಸಮನೆ ಬಿಳಿಚಿಕೊಂಡು ಹೊಳೆಯುತ್ತಿದ್ದರೆ ಭೂತಗನ್ನಡಿಯನ್ನು ಹತ್ತಿರ ತರಬೇಕು. ಒಂದೇ ದಿಕ್ಕಿಗೆ ಎಳೆದ ನೂರಾರು ಕೂದಲೆಳೆಯಂಥ ಗೀರುಗಳು ಸಮತಟ್ಟಾದ ಬಯಲನ್ನು ದಾಟಿ, ರಾಜನ ಕೆನ್ನೆಯನ್ನೂ ಹತ್ತಿ, ಅಕ್ಷರಗಳ ಪಕ್ಕದಲ್ಲಿ ಮಾತ್ರ ತಡೆದು ನಿಂತಿರುವುದು ಆಗ ಕಾಣುತ್ತದೆ. ಅಕ್ಷರಗಳ ಬುಡದ ಸಂದಿಯಲ್ಲಿ ಹಳೆಯ ಕಪ್ಪು ಹಾಗೆಯೇ ಉಳಿದು, ಉಬ್ಬಿದ ಭಾಗಗಳು ಮಾತ್ರ ಬೆಳ್ಳಗಾಗಿದ್ದರಂತೂ ಸಂದೇಹವೇ ಬೇಡ: ಆ ನಾಣ್ಯವನ್ನು ಯಾರೋ ಉಜ್ಜಿದ್ದಾರೆ.

ನಮ್ಮ ಮನೆಗಳಲ್ಲಿ ಈ ಬಗೆಯ ಮಬ್ಬಿಗೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಊರಿನಿಂದ ಮಾಟುಂಗಕ್ಕೋ ಡೊಂಬಿವಿಲಿಗೋ ಬಂದು ನೆಲೆಸಿದ ಕುಟುಂಬಗಳ ಬೆಳ್ಳಿ ರೂಪಾಯಿಗಳಿಗೆ, ವಿಕ್ಟೋರಿಯಾ ರಾಣಿಯದಾಗಲಿ ಐದನೇ ಜಾರ್ಜ್‌ನದಾಗಲಿ, ದೀಪಾವಳಿಯ ಲಕ್ಷ್ಮೀಪೂಜೆಗೆ ಮುನ್ನ ಹುಣಸೆಹುಳಿಯಿಂದಲೋ ವಿಭೂತಿಯಿಂದಲೋ ಹಲ್ಲುಪುಡಿಯಿಂದಲೋ ಸ್ನಾನವಾಗುವುದು ವಾಡಿಕೆ. ಪೂಜೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ಹುಳಿ ಬೆಳ್ಳಿಯ ಜೊತೆಗಿರುವ ತಾಮ್ರದ ಅಂಶವನ್ನು ಕೊರೆಯುತ್ತದೆ, ಪುಡಿ ಲೋಹವನ್ನೇ ಸವೆಸುತ್ತದೆ. ಹಾಗಾದ ಮಬ್ಬಿಗೆ ಯಾವ ದ್ರಾವಣವೂ ಇಲ್ಲ. ಹಾಗೆಯೇ ಬಿಡುವುದೊಂದೇ ದಾರಿ. ಪೂಜೆಗೆ ಸವೆದ ಒಂದೆರಡು ನಾಣ್ಯಗಳನ್ನು ಬೇರೆಯಾಗಿ ತೆಗೆದಿಟ್ಟು, ಉಳಿದವನ್ನು ಅತ್ತೆಯವರ ಕೈಗೆ ಸಿಗದಂತೆ ಕಪಾಟಿನಲ್ಲಿಡುವುದು ಮನೆಯ ಶಾಂತಿಗೂ ನಾಣ್ಯಕ್ಕೂ ಕ್ಷೇಮ.

ಪ್ಲಾಸ್ಟಿಕ್ಕಿನಿಂದ ಇಳಿದ ಪದರ

ಮುಂಬಯಿಯ ಸಂಗ್ರಹಗಳಲ್ಲಿ ಬಹಳ ಸಾಮಾನ್ಯವಾಗಿ ಕಾಣುವ, ಆದರೆ ಸಕಾಲದಲ್ಲಿ ಹಿಡಿದರೆ ಪೂರ್ತಿಯಾಗಿ ನಿವಾರಿಸಬಹುದಾದ ದೋಷ ಇದು. ಮೆತ್ತಗೆ ಬಳುಕುವ ಪಾರದರ್ಶಕ ಜೇಬುಗಳ ಅಗ್ಗದ ಆಲ್ಬಮ್‌ಗಳು ಹೆಚ್ಚಾಗಿ ಪಿವಿಸಿ ಎಂಬ ಪ್ಲಾಸ್ಟಿಕ್ಕಿನವು. ಆ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಬೆರೆಸಿದ ಎಣ್ಣೆಯಂಥ ಪದಾರ್ಥ ಕಾಲಕ್ರಮದಲ್ಲಿ ಒಸರಿ ನಾಣ್ಯದ ಮೇಲೆ ಕೂರುತ್ತದೆ. ಪ್ಲಾಸ್ಟಿಕ್ ಹಳತಾಗುತ್ತಾ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಬಿಡುತ್ತದೆ. ಸೆಕೆ ಮತ್ತು ತೇವ ಎರಡೂ ಈ ಕ್ರಿಯೆಯನ್ನು ಚುರುಕುಗೊಳಿಸುತ್ತವೆ. ಮೊದಲ ಹಂತದಲ್ಲಿ ಕಾಣುವುದು ಬೂದು ಛಾಯೆಯ, ಕೊಂಚ ಜಿಡ್ಡಾದ ಮಬ್ಬು. ಆಮ್ಲ ತಾಮ್ರವನ್ನು ಮುಟ್ಟಿದ ಮೇಲೆ ಹಸಿರು ಚುಕ್ಕೆಗಳು ಏಳುತ್ತವೆ.

1969ರ ಗಾಂಧಿ ಶತಾಬ್ದಿಯ ಹತ್ತು ರೂಪಾಯಿ ನಾಣ್ಯವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹದಿನೈದು ಗ್ರಾಂ ತೂಕದ ಈ ನಾಣ್ಯದಲ್ಲಿ ಶೇಕಡ 80 ಬೆಳ್ಳಿ ಇದೆ. ಅನೇಕ ಮನೆಗಳಲ್ಲಿ ಇದು ಇಂಥ ಆಲ್ಬಮ್ಮಿನಲ್ಲೇ ದಶಕಗಳನ್ನು ಕಳೆದಿರುತ್ತದೆ. ಜೇಬಿನಿಂದ ತೆಗೆಯುವಾಗ ಅದು ತಟ್ಟನೆ ಜಾರಿ ಬರದೆ ಪ್ಲಾಸ್ಟಿಕ್ಕಿಗೆ ಕೊಂಚ ಕಚ್ಚಿಕೊಂಡರೆ, ಮೂಗಿಗೆ ಹೊಸ ರೆಕ್ಸಿನ್ನಿನ ವಾಸನೆ ಬಂದರೆ, ಅರ್ಧ ರೋಗನಿರ್ಣಯ ಆದಂತೆಯೇ. ಭೂತಗನ್ನಡಿಯಲ್ಲಿ ಗಾಂಧೀಜಿಯವರ ಮುಖದ ಸುತ್ತಿನ ಬಯಲು ಬೆವರಿದ ಹಾಗೆ ಕಾಣುತ್ತದೆ, ಕಿವಿಯ ಮಡಿಕೆಯಲ್ಲಿ, ಅಂಕಿಗಳ ಬುಡದಲ್ಲಿ ಎಳೆ ಹಸಿರು ಜಿಗುಟು ಸೇರಿರುತ್ತದೆ. ಮುಂಬಯಿ ಟಂಕಸಾಲೆಯ ನಾಣ್ಯವಾದರೆ ಇಸವಿಯ ಕೆಳಗಿನ ವಜ್ರಾಕೃತಿಯ ಸಣ್ಣ ಗುರುತಿನ ಸುತ್ತಲೂ ಅದೇ ಜಿಗುಟು. ಅದನ್ನು ಸೂಜಿಯಿಂದ ಕೆದಕಬಾರದು. ಕೆದಕಿದ ಗೀರು ಮಬ್ಬಿಗಿಂತ ಹೆಚ್ಚು ಬೆಲೆ ಕಳೆಯುತ್ತದೆ.

ಆಲ್ಬಮ್ ಪಿವಿಸಿಯದ್ದೇ ಎಂದು ಖಚಿತಪಡಿಸಿಕೊಳ್ಳಬೇಕಿದ್ದರೆ ಹಳೆಯ ಪರೀಕ್ಷೆಯೊಂದಿದೆ. ತಾಮ್ರದ ತಂತಿಯ ತುದಿಯನ್ನು ಉರಿಯಲ್ಲಿ ಕೆಂಪಗೆ ಕಾಯಿಸಿ, ಖಾಲಿ ಜೇಬಿನ ಮೂಲೆಗೆ ತಾಗಿಸಿ, ಅಂಟಿದ ಪ್ಲಾಸ್ಟಿಕ್ಕಿನೊಡನೆ ಮತ್ತೆ ಉರಿಗೆ ಹಿಡಿದಾಗ ಜ್ವಾಲೆ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ, ಅಂದರೆ ಅದು ಪಿವಿಸಿ ಇರಬೇಕು. ಕಿಟಕಿ ತೆರೆದಿಟ್ಟು ಮಾಡಬೇಕು, ಹೊಗೆಯನ್ನು ಮೂಸಬಾರದು, ಮುಂದೆ ಹೇಳುವ ಅಸಿಟೋನ್ ಆ ಕೋಣೆಯಲ್ಲೇ ಇರಬಾರದು.

ಅಸಿಟೋನ್ ಬಳಸುವ ಕ್ರಮ

ಪ್ಲಾಸ್ಟಿಕ್ಕಿನ ಪದರ, ಹಳೆಯ ಸಂಗ್ರಾಹಕರು ಬಳಿದ ವಾರ್ನಿಷ್, ಟೇಪಿನ ಅಂಟು, ಎಣ್ಣೆಯ ಜಿಡ್ಡು ಇವೆಲ್ಲಕ್ಕೂ ಅಸಿಟೋನ್ ಒಂದೇ ಮದ್ದು. ಗಲ್ಲಾಪೆಟ್ಟಿಗೆಯಲ್ಲಿ ಸಿಕ್ಕ ಸ್ಮಾರಕ ನಾಣ್ಯಗಳನ್ನು ಎತ್ತಿಡುವ ಹೋಟೆಲಿನವರ ಸಂಗ್ರಹದಲ್ಲಿ ಈ ಕೊನೆಯ ಬಗೆಯೇ ಹೆಚ್ಚು. ಅಸಿಟೋನ್ ಲೋಹದೊಡನೆ ವರ್ತಿಸುವುದಿಲ್ಲ, ಮೇಲೆ ಕೂತ ಸಾವಯವ ಪದರವನ್ನಷ್ಟೇ ಕರಗಿಸಿ ಹೋಗುತ್ತದೆ. ಸರಿಯಾಗಿ ಬಳಸಿದರೆ ನಾಣ್ಯದ ಮೇಲೆ ಅದರ ಕುರುಹೂ ಉಳಿಯುವುದಿಲ್ಲ. ಪ್ರಯೋಗಾಲಯ ದರ್ಜೆಯ ಅಸಿಟೋನ್ ಮತ್ತು ಗಾಜಿನ ಬೀಕರುಗಳು ಪ್ರಿನ್ಸೆಸ್ ಸ್ಟ್ರೀಟಿನ ಕೆಮಿಕಲ್ ಅಂಗಡಿಗಳಲ್ಲಿ ದೊರೆಯುತ್ತವೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಸುಗಂಧ, ಬಣ್ಣ, ಎಣ್ಣೆ ಬೆರೆತಿರುವುದರಿಂದ ಅದು ಕೆಲಸಕ್ಕೆ ಬಾರದು.

ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಬೇಕು. ಅಸಿಟೋನ್ ಪೆಟ್ರೋಲಿನಷ್ಟೇ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಅದರ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದುದ್ದಕ್ಕೆ ಹರಿದು ದೂರದ ಕಿಡಿಯನ್ನೂ ಮುಟ್ಟಬಲ್ಲದು. ಅಡುಗೆಮನೆಯಲ್ಲಿ, ದೇವರ ದೀಪ ಉರಿಯುತ್ತಿರುವ ಕೋಣೆಯಲ್ಲಿ, ಮಕ್ಕಳು ಓಡಾಡುವ ಕಡೆ ಅದರ ಬಾಟಲಿಯನ್ನು ತೆರೆಯಲೇಬಾರದು. ಒಂದೇ ಕೋಣೆಯ ಮನೆಯವರು ಗ್ಯಾಸ್ ಆರಿಸಿ, ದೀಪ ಶಾಂತವಾದ ಮೇಲೆ ಗ್ಯಾಲರಿಯಲ್ಲಿ ಈ ಕೆಲಸ ಮಾಡುವುದು ಕ್ಷೇಮ. ಉಳಿದ ದ್ರವವನ್ನು ಮೋರಿಗೆ ಸುರಿಯುವುದೂ ತಪ್ಪು. ಸ್ವಲ್ಪ ಪ್ರಮಾಣವಾದರೆ ಬಯಲಿನಲ್ಲಿ ಆರಲು ಬಿಡಬಹುದು.

ಗಾಜಿನ ಮೂರು ಸಣ್ಣ ಪಾತ್ರೆಗಳಲ್ಲಿ ನಾಣ್ಯ ಮುಳುಗುವಷ್ಟು ಅಸಿಟೋನ್ ಹಾಕಿ, ನಾಣ್ಯವನ್ನು ಮೊದಲನೆಯದರಲ್ಲಿ ಇಟ್ಟು ಮುಚ್ಚಬೇಕು. ಜಿಡ್ಡಿಗೆ ಕೆಲವು ನಿಮಿಷ ಸಾಕು. ಹಸಿರು ಪದರಕ್ಕೆ ಗಂಟೆಗಟ್ಟಲೆ ಬೇಕಾಗಬಹುದು, ನಡುವೆ ದ್ರವ ಬದಲಿಸಬೇಕಾಗಬಹುದು. ಆಗಾಗ ಪಾತ್ರೆಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಸಾಕು, ಹತ್ತಿಯಿಂದ ಒರೆಸುವ ಆಸೆಯನ್ನು ಅದುಮಿಕೊಳ್ಳಬೇಕು. ಆಮೇಲೆ ನಾಣ್ಯವನ್ನು ಎರಡನೆಯ ಪಾತ್ರೆಯಲ್ಲಿ ಅದ್ದಿ, ಅದರ ಮೈ ಒಣಗುವ ಮೊದಲೇ ಮೂರನೆಯದರಲ್ಲಿ ಜಾಲಿಸಿ, ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ ಆರಲು ಬಿಡಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಒದ್ದೆಯ ಗಡಿ ಮುಖದ ಮೇಲಿನಿಂದ ಹಿಂದೆ ಸರಿಯುತ್ತಾ ಅಂಚಿಗೆ ಹೋಗಿ ಮಾಯವಾಗುತ್ತದೆ. ಗಡಿ ಸರಿದ ದಾರಿಯಲ್ಲಿ ಉಂಗುರದ ಗುರುತು ಉಳಿದರೆ ಕೊನೆಯ ಪಾತ್ರೆಯ ದ್ರವ ಕೊಳೆಯಾಗಿತ್ತು ಎಂದು ತಿಳಿದು, ಹೊಸ ಅಸಿಟೋನಿನಲ್ಲಿ ಮತ್ತೊಮ್ಮೆ ಜಾಲಿಸಬೇಕು.

ಅಸಿಟೋನ್ ಮುಟ್ಟಿಸಿದ ಮೇಲೆ ಮಬ್ಬು ಹೆಚ್ಚಾಯಿತು ಎಂಬ ದೂರಿಗೆ ಕಾರಣ ಬೇರೆ ಬೇರೆ. ಪಾತ್ರೆ ಅಥವಾ ಚಿಮುಟ ಪಾಲಿಸ್ಟೈರಿನ್ ಎಂಬ ಪ್ಲಾಸ್ಟಿಕ್ಕಿನದಾಗಿದ್ದರೆ ಅದೇ ಕರಗಿ ನಾಣ್ಯದ ಮೇಲೆ ಕೂತಿರುತ್ತದೆ; ಹೊಸ ಅಸಿಟೋನಿನಿಂದ ಅದನ್ನು ತೆಗೆಯಬಹುದು. ಮಳೆಗಾಲದಲ್ಲಿ ಮಾಡಿದ್ದರೆ ಇನ್ನೊಂದು ಕಾರಣವೂ ಇದೆ. ಅಸಿಟೋನ್ ಬೇಗ ಆವಿಯಾಗುವಾಗ ನಾಣ್ಯವನ್ನು ಎಷ್ಟು ತಣ್ಣಗಾಗಿಸುತ್ತದೆಂದರೆ ತೇವ ತುಂಬಿದ ಗಾಳಿಯಿಂದ ನೀರು ಅದರ ಮೇಲೆ ಬಿಳಿಯ ಇಬ್ಬನಿಯಾಗಿ ಇಳಿಯುತ್ತದೆ, ಮತ್ತು ಆ ನೀರಿನೊಡನೆ ಗಾಳಿಯ ಉಪ್ಪೂ ನಾಣ್ಯದ ಮೇಲೆ ಕೂರಬಹುದು. ಈ ಕೆಲಸವನ್ನು ಡಿಸೆಂಬರಿನಿಂದ ಫೆಬ್ರುವರಿಯೊಳಗೆ, ಒಣಹವೆಯ ಮಧ್ಯಾಹ್ನಗಳಲ್ಲಿ ಇಟ್ಟುಕೊಳ್ಳಬೇಕು ಎನ್ನುವುದು ಇದೇ ಕಾರಣಕ್ಕೆ. ಜುಲೈನಲ್ಲಿ ಹಸಿರು ಕಂಡು ತಡೆಯಲಾಗದಿದ್ದರೆ ಕೊನೆಗೆ ಜಾಲಿಸಿದ ನಾಣ್ಯವನ್ನು ಕೂಡಲೇ ತೇವ ಹೀರುವ ಸಿಲಿಕಾ ಜೆಲ್ ಹರಳುಗಳಿರುವ ಡಬ್ಬಿಯಲ್ಲಿ ಒಣಗಿಸಬೇಕು.

ಹಸಿರು ಹೋದ ಮೇಲೂ ಅದೇ ಜಾಗದಲ್ಲಿ ಬೂದು ಮಚ್ಚೆ ಉಳಿದರೆ ಆಮ್ಲ ಅಲ್ಲಿ ಲೋಹವನ್ನು ತಿಂದಿದೆ. ಅಲ್ಲಿಗೆ ಕೈಬಿಡಬೇಕು.

ಬೆರಳಚ್ಚು ಮತ್ತು ಪೂಜೆಯ ಕುರುಹು

ಬೆರಳಚ್ಚಿನಲ್ಲಿ ಎಣ್ಣೆಯೂ ಇದೆ, ಉಪ್ಪೂ ಇದೆ. ಎಣ್ಣೆ ಅಸಿಟೋನಿನಲ್ಲಿ ಕರಗುತ್ತದೆ, ಉಪ್ಪು ಕರಗುವುದಿಲ್ಲ. ಆದ್ದರಿಂದ ಇಲ್ಲಿ ಮೊದಲು ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿ, ಆಮೇಲೆ ಅಸಿಟೋನಿನಲ್ಲಿ ಜಾಲಿಸುವುದು ಕ್ರಮ. ಅಸಿಟೋನ್ ಉಳಿದ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಗಂಧ, ಅರಿಸಿನ, ಕುಂಕುಮ ಹತ್ತಿದ ನಾಣ್ಯಕ್ಕೂ ಇದೇ ಕ್ರಮ. ನಲ್ಲಿಯ ನೀರು ಬೇಡ, ಅದರಲ್ಲಿ ಕ್ಲೋರಿನ್ ಇದೆ. ಹಳೆಯ ಬೆರಳಚ್ಚು ಕಂದು ಗೆರೆಗಳಾಗಿ ಮೂಡಿಬಿಟ್ಟಿದ್ದರೆ ಅದು ಲೋಹದಲ್ಲಿ ಕೊರೆದುಹೋದದ್ದು, ಯಾವ ದ್ರವಕ್ಕೂ ಬಗ್ಗದು.

ಮಬ್ಬಲ್ಲ, ಬಣ್ಣ

ಹಳದಿಯಿಂದ ಆರಂಭವಾಗಿ ಕಂದು, ನೇರಳೆ, ನೀಲಿಗೆ ತಿರುಗಿ ಕಡೆಗೆ ಕಪ್ಪಾಗುವ ಛಾಯೆ ಬೆಳ್ಳಿಯ ಮೇಲೆ ಕಂಡರೆ ಅದು ಗಂಧಕದೊಡನೆ ಸೇರಿ ಆದ ಸಿಲ್ವರ್ ಸಲ್ಫೈಡ್ ಪದರ. ಅಸಿಟೋನ್ ಅದನ್ನು ಅಲುಗಿಸುವುದಿಲ್ಲ, ಅಲುಗಿಸಬೇಕಾಗಿಯೂ ಇಲ್ಲ. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಶೇಕಡ 91.7ರಿಂದ 50ಕ್ಕೆ ಇಳಿಸಿದ ಮೇಲಿನ ನಾಣ್ಯಗಳು ತಾಮ್ರ ಹೆಚ್ಚಿರುವ ಕಾರಣ ಬೇಗ ಮಂಕಾಗುತ್ತವೆ. ಹಾಗೆಯೇ ತಾಮ್ರ, ನಿಕ್ಕಲ್, ಸತು ಬೆರೆತ ಅರ್ಧ ಬೆಳ್ಳಿಯ 100 ರೂಪಾಯಿ ಸ್ಮಾರಕ ನಾಣ್ಯಗಳೂ ಕೂಡ. ಅದು ಅವುಗಳ ಲೋಹಗುಣ, ದೋಷವಲ್ಲ. ಆಮ್ಲ ಮತ್ತು ಥಯೋಯೂರಿಯ ಬೆರೆತ ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದಿದರೆ ಕಪ್ಪೇನೋ ಕ್ಷಣದಲ್ಲಿ ಹೋಗುತ್ತದೆ, ಜೊತೆಗೆ ಮೊದಲು ಹೇಳಿದ ಹರಿವಿನ ಗೆರೆಗಳ ಮೇಲ್ಪದರವೂ ಹೋಗುತ್ತದೆ. ಎರಡು ಮೂರು ಸಲ ಅದ್ದಿದ ನಾಣ್ಯ ಬೆಳ್ಳಗಿದ್ದರೂ ಸತ್ತಂತಿರುತ್ತದೆ. ಅಲ್ಯೂಮಿನಿಯಂ ಹಾಳೆ ಮತ್ತು ಅಡುಗೆ ಸೋಡಾದ ಉಪಾಯ ಪೂಜಾ ಪಾತ್ರೆಗೆ ಒಪ್ಪುತ್ತದೆ, ಸಂಗ್ರಹದ ನಾಣ್ಯಕ್ಕೆ ಒಪ್ಪದು. ಬಣ್ಣವನ್ನು ಹಾಗೆಯೇ ಬಿಡುವ ಬಗ್ಗೆ ಸಂದೇಹವಿದ್ದವರು ಫೋರ್ಟಿನ ಸರ್ ಪಿ.ಎಂ. ರಸ್ತೆಯಲ್ಲಿರುವ ರಿಸರ್ವ್ ಬ್ಯಾಂಕಿನ ಹಣ ಸಂಗ್ರಹಾಲಯಕ್ಕೆ ಒಮ್ಮೆ ಹೋಗಿಬರಬಹುದು. ನನ್ನ ಮಟ್ಟಿಗೆ, ಸಮವಾಗಿ ಬಣ್ಣ ಕಟ್ಟಿದ ಹಳೆಯ ರೂಪಾಯಿಯ ಚೆಲುವು ಉಜ್ಜಿದ ರೂಪಾಯಿಗೆ ಎಂದೂ ಬಾರದು.

ಆಧುನಿಕ ಶುದ್ಧಬೆಳ್ಳಿ ನಾಣ್ಯಗಳ ಮೇಲೆ ಏಳುವ ದುಂಡನೆಯ ಬಿಳಿ ಚುಕ್ಕೆಗಳದು ಬೇರೆ ಕತೆ. ಅಚ್ಚು ಹಾಕುವ ಮುನ್ನ ಖಾಲಿ ಬಿಲ್ಲೆಗಳನ್ನು ತೊಳೆದ ದ್ರಾವಣದ ಶೇಷ ಪೂರ್ತಿ ಹೋಗದೆ, ಕಾಯಿಸುವಾಗ ಮೇಲ್ಮೈಗೆ ಕಚ್ಚಿಕೊಂಡು, ತಿಂಗಳುಗಳ ನಂತರ ಹೊರಬರುವ ದೋಷ ಅದು ಎಂಬುದು ಬಹುಮಟ್ಟಿಗೆ ಒಪ್ಪಿತವಾದ ವಿವರಣೆ. ಇದಕ್ಕೆ ನಂಬಬಹುದಾದ ಮನೆಮದ್ದಿಲ್ಲ. ರಬ್ಬರಿನಿಂದ ಅಳಿಸಲು ಹೋದವರ ನಾಣ್ಯದಲ್ಲಿ ಚುಕ್ಕೆಯ ಬದಲು ಗೀರು ಉಳಿದಿರುತ್ತದೆ.

ತಾಮ್ರದ ಮತ್ತು ಕಂಚಿನ ನಾಣ್ಯಗಳಲ್ಲಿ ಮಾತ್ರ ಒಂದು ಲಕ್ಷಣಕ್ಕೆ ತಡಮಾಡಬಾರದು. ಮುಟ್ಟಿದರೆ ಪುಡಿಯಾಗಿ ಉದುರುವ ತಿಳಿ ಹಸಿರು ಮಚ್ಚೆ ಸಾಮಾನ್ಯ ಕಿಲುಬಲ್ಲ. ಲೋಹದೊಳಗೆ ಸೇರಿದ ಕ್ಲೋರೈಡ್ ತೇವದೊಡನೆ ವರ್ತಿಸುತ್ತಾ ನಾಣ್ಯವನ್ನು ಒಳಗಿನಿಂದ ತಿನ್ನುವ ರೋಗ. ಅಂಥ ನಾಣ್ಯವನ್ನು ಕೂಡಲೇ ಬೇರೆಮಾಡಿ ಒಣಹವೆಯಲ್ಲಿಟ್ಟು, ಚಿಕಿತ್ಸೆಯನ್ನು ಸಂರಕ್ಷಣಾ ತಜ್ಞರಿಗೆ ಬಿಡುವುದು ಒಳಿತು. ಅಲ್ಯೂಮಿನಿಯಂ ಪೈಸೆಗಳಿಗೆ ಸೋಡಾ ಮುಟ್ಟಿಸಬಾರದು, ಕ್ಷಾರ ಆ ಲೋಹವನ್ನು ಕರಗಿಸುತ್ತದೆ. ಎರಡು ಲೋಹದ ಹತ್ತು ರೂಪಾಯಿಯನ್ನು ನೀರಿನಲ್ಲಿ ನೆನೆಸಿದರೆ ಉಂಗುರದ ಸಂದಿಯಲ್ಲಿ ತೇವ ನಿಲ್ಲದಂತೆ ಕೊನೆಗೆ ಅಸಿಟೋನಿನಲ್ಲಿ ಚೆನ್ನಾಗಿ ಜಾಲಿಸಬೇಕು.

ಮಬ್ಬು ಮತ್ತೆ ಬಂದರೆ

ತೆಗೆದ ಮಬ್ಬು ಮರುವರ್ಷ ಮರಳಿದರೆ ದೋಷ ಇಡುವ ಜಾಗದಲ್ಲಿದೆ. ಹಳೆಯ ಜೇಬಿಗೇ ನಾಣ್ಯವನ್ನು ವಾಪಸು ಹಾಕುವವರೂ ಇದ್ದಾರೆ. ಪಾಲಿಯೆಸ್ಟರ್ ಜೇಬುಗಳು ಗಡುಸಾಗಿ, ಮುಟ್ಟಿದರೆ ಚರಚರ ಸದ್ದು ಮಾಡುತ್ತವೆ. ಅವು ನಾಣ್ಯಕ್ಕೆ ಅಪಾಯಕಾರಿಯಲ್ಲ. ಡಬ್ಬಿಗಳ ತಳದ ತ್ರಿಕೋನದಲ್ಲಿ 5 ಎಂದಿದ್ದರೆ ಅದು ಪಾಲಿಪ್ರೊಪಿಲೀನ್, ಬಳಸಬಹುದು. 3 ಎಂದಿದ್ದರೆ ಪಿವಿಸಿ, ದೂರವಿಡಬೇಕು. ಪ್ಲೈವುಡ್ಡಿನ ಕಪಾಟು ಆಮ್ಲದ ಆವಿ ಬಿಡುವುದರಿಂದ ಉಕ್ಕಿನ ಕಪಾಟು ಮೇಲು, ಅದೂ ಮಳೆಗೆ ಬೆವರುವ ಹೊರಗೋಡೆಗೆ ತಾಗದಂತೆ. ಬಟ್ಟೆಗೆ ಇಟ್ಟ ನುಸಿಗುಳಿಗೆ, ಕರ್ಪೂರ, ರಬ್ಬರ್ ಬ್ಯಾಂಡ್, ಹಳೆಯ ಪತ್ರಿಕೆ ಇವು ನಾಣ್ಯಗಳ ಪಕ್ಕ ಇರಬಾರದು. ಗಾಳಿಯಾಡದ ಡಬ್ಬಿಯಲ್ಲಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಇಟ್ಟು, ಅದು ಹಸಿರಿಗೆ ತಿರುಗಿದಾಗ ಓವನ್ನಿನಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಶುಚಿಮಾಡಿದ ಪ್ರತಿ ನಾಣ್ಯದ ಹೊದಿಕೆಯ ಮೇಲೆ ಯಾವಾಗ, ಯಾವ ದ್ರವದಿಂದ ತೊಳೆಯಲಾಯಿತು ಎಂದು ಬರೆದಿಟ್ಟರೆ ಮುಂದೆ ಅದನ್ನು ಕೊಳ್ಳುವವರಿಗೂ, ಮತ್ತೊಮ್ಮೆ ಮಬ್ಬು ಕಂಡಾಗ ಕಾರಣ ಹುಡುಕುವವರಿಗೂ ಉಪಯೋಗವಾಗುತ್ತದೆ.